ತಗಡಿನ ತೇಪೆಗೆ ಬೆಸುಗೆ: ಹೊಸಬರು ತಿಳಿಯಬೇಕಾದ ಅಂಶಗಳು

ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ 1933ರಲ್ಲಿ ಸ್ಥಾಪನೆಯಾಯಿತು. ಆದರೂ ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಕಬ್ಬಿನಲ್ಲಿ ಒಂದು ಪಾಲು ಇಂದಿಗೂ ಆಲೆಮನೆಗಳಲ್ಲಿ ಬೆಲ್ಲವಾಗುತ್ತಿದೆ. ಆಲೆಮನೆಯ ಕೊಪ್ಪರಿಗೆ, ಹೊಗೆ ಕೊಳವೆ, ಕಬ್ಬು ಸಾಗಿಸುವ ಟ್ರೈಲರ್ ಇವೆಲ್ಲ ಕಬ್ಬಿಣದ ತಗಡಿನವು. ತಗಡು ತುಕ್ಕು ಹಿಡಿದು ತೂತಾಗುವುದು ಸಹಜ. ಆದರೆ ಹಂಗಾಮಿನ ನಡುವೆ ತೂತಾದರೆ ನಷ್ಟ ಹೆಚ್ಚು. ಹಿಂಡಿದ ರಸ ಕೆಲವೇ ಗಂಟೆಗಳಲ್ಲಿ ಹುಳಿಯತೊಡಗುತ್ತದೆ. ಪಟ್ಟಣದ ಬೆಸುಗೆ ಅಂಗಡಿಯ ಸರದಿಗಾಗಿ ಅದು ಕಾಯುವುದಿಲ್ಲ. ಆದ್ದರಿಂದ ಸಣ್ಣಪುಟ್ಟ ತೇಪೆ ಹಾಕುವುದನ್ನು ರೈತರು ಬಿಡುವಿನ ಕಾಲದಲ್ಲಿಯೇ ಕಲಿತುಕೊಳ್ಳುವುದು ಲಾಭದಾಯಕ.

ತಗಡು ಏಕೆ ತೂತಾಗುತ್ತದೆ?

ಹೊಸಬರು ಬೆಸೆಯಲು ಹೋದಾಗ ಒಂದು ತೂತು ಎರಡಾಗುವುದುಂಟು. ಇದಕ್ಕೆ ಕಾರಣ ಶಾಖ. ದಪ್ಪ ಕಬ್ಬಿಣ ಶಾಖವನ್ನು ಸುತ್ತಲೂ ಹಂಚಿಕೊಳ್ಳುತ್ತದೆ. ತೆಳು ತಗಡಿಗೆ ಆ ಶಕ್ತಿ ಕಡಿಮೆ. ಒಂದೇ ಕಡೆ ಶಾಖ ನಿಂತರೆ ತಗಡು ಕರಗಿ ಬೀಳುತ್ತದೆ ಅಥವಾ ಸೊಟ್ಟಗಾಗುತ್ತದೆ. ಹೀಗಾಗಿ ತಗಡಿನ ಬೆಸುಗೆಯ ಗುಟ್ಟು ಇಷ್ಟೇ: ಉದ್ದಕ್ಕೆ ಎಳೆಯಬಾರದು, ಚುಕ್ಕೆ ಚುಕ್ಕೆಯಾಗಿ ಹಾಕಿ ಆರಲು ಬಿಡಬೇಕು.

ಅಭ್ಯಾಸ

ಮೊದಲು ಗುಜರಿ ತಗಡಿನ ಮೇಲೆ ಕೈ ಪಳಗಿಸಿಕೊಳ್ಳಬೇಕು. ಸುಮಾರು 1.6 ಮಿ.ಮೀ. ದಪ್ಪದ (16 ಗೇಜು) ತಗಡು ಕಲಿಕೆಗೆ ಅನುಕೂಲ. 2 ಮಿ.ಮೀ. ಬೆಸುಗೆ ಕಡ್ಡಿಗೆ ಸಾಮಾನ್ಯವಾಗಿ 40ರಿಂದ 60 ಆಂಪಿಯರ್, 2.5 ಮಿ.ಮೀ. ಕಡ್ಡಿಗೆ 60ರಿಂದ 80 ಆಂಪಿಯರ್ ವಿದ್ಯುತ್ ಸಾಕಾಗುತ್ತದೆ. ಕಡ್ಡಿಯ ಪೊಟ್ಟಣದ ಮೇಲಿನ ಸೂಚನೆಯನ್ನೂ ನೋಡಿ, ಕಡಿಮೆ ಆಂಪಿಯರಿನಿಂದ ಪ್ರಾರಂಭಿಸಬೇಕು. ಕಡ್ಡಿಯ ತುದಿಗೂ ತಗಡಿಗೂ ನಡುವೆ ಸುಮಾರು ಕಡ್ಡಿಯ ದಪ್ಪದಷ್ಟೇ ಅಂತರವಿರಲಿ. ಕಡ್ಡಿ ಹಸಿಯಾಗಿರಬಾರದು.

ತೇಪೆ ಹಾಕುವ ಕ್ರಮ

1. ತೂತಿನ ಸುತ್ತ ತುಕ್ಕು ಹಿಡಿದು ತೆಳುವಾದ ಭಾಗವನ್ನೆಲ್ಲ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ತೆಗೆಯಬೇಕು. ಕೊಳೆತ ಬಟ್ಟೆಗೆ ಹೊಲಿಗೆ ನಿಲ್ಲದು. ಕೊಳೆತ ತಗಡಿಗೆ ಬೆಸುಗೆಯೂ ನಿಲ್ಲದು.

2. ಅಂಚುಗಳ ಬಣ್ಣ, ಎಣ್ಣೆ, ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಲೋಹ ಹೊಳೆಯುವಂತೆ ಮಾಡಬೇಕು.

3. ಅದೇ ದಪ್ಪದ ತಗಡಿನಿಂದ ತೇಪೆ ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಬೇಕು. ಚೂಪು ಮೂಲೆಯಿಂದಲೇ ಮತ್ತೆ ಬಿರುಕು ಹೊರಡುತ್ತದೆ.

4. ಎದುರುಬದುರು ನಾಲ್ಕು ಕಡೆ ಚುಕ್ಕೆ ಹಾಕಿ ತೇಪೆಯನ್ನು ನಿಲ್ಲಿಸಬೇಕು. ಆಮೇಲೆ 3–4 ಸೆಂ.ಮೀ.ಗೆ ಒಂದರಂತೆ ಚುಕ್ಕೆ ಹಾಕಬೇಕು.

5. ನಡುವಣ ಜಾಗವನ್ನು 2 ಸೆಂ.ಮೀ.ನಷ್ಟು ತುಂಬಿ, ಎದುರು ಬದಿಗೆ ಹೋಗಬೇಕು. ಪ್ರತಿ ಸಲವೂ ಕಿಟ್ಟವನ್ನು ಕುಟ್ಟಿ ತೆಗೆದು ಮುಂದುವರಿಯಬೇಕು. ಹಿಂಬದಿಗೆ ತಾಮ್ರದ ಪಟ್ಟಿ ಒತ್ತಿ ಹಿಡಿದರೆ ಅದು ಶಾಖವನ್ನು ಹೀರುತ್ತದೆ. ಬೆಸುಗೆ ಅದಕ್ಕೆ ಅಂಟುವುದಿಲ್ಲ.

ಟ್ರೈಲರಿನ ಬದಿಗೆ ತೇಪೆಯನ್ನು ಮೇಲೆ ಹೊದಿಸಿ ಬೆಸೆದರೂ ನಡೆದೀತು. ಕೊಪ್ಪರಿಗೆಯ ತಳಕ್ಕೆ ಇದು ಸಲ್ಲದು. ಎರಡು ಪದರಗಳ ನಡುವೆ ಗಾಳಿ ಉಳಿದರೆ ಬೆಂಕಿಯ ಕಡೆಯ ಪದರಕ್ಕೆ ರಸದ ತಂಪು ತಗಲದೆ ಅದು ಬೇಗ ಸುಟ್ಟುಹೋಗುತ್ತದೆ. ಒಳಗೆ ಉಬ್ಬು ಉಳಿದರೆ ಪಾಕ ಅಲ್ಲಿ ಹಿಡಿದು ಸೀದು ಬೆಲ್ಲದ ಬಣ್ಣ ಕೆಡುತ್ತದೆ. ಅಲ್ಲಿ ತೇಪೆಯು ತಳದ ಮಟ್ಟಕ್ಕೇ ಕೂಡಬೇಕು, ಒಳಬದಿಯನ್ನು ನುಣುಪಾಗಿ ಉಜ್ಜಬೇಕು. ಬೆಲ್ಲದ ಪಾಕ ಇಳಿಸುವ ಹೊತ್ತಿಗೆ 116ರಿಂದ 118 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. ತೇಪೆ ಬಿಟ್ಟರೆ ಸುತ್ತ ನಿಂತವರ ಮೈ ಸುಟ್ಟೀತು. ಆದ್ದರಿಂದ ಕೊಪ್ಪರಿಗೆಯನ್ನು ಅನುಭವಿಗಳ ಕೈಗೇ ಕೊಡಬೇಕು. ಯಾರೇ ಬೆಸೆದಿರಲಿ, ಒಲೆಗೆ ಏರಿಸುವ ಮುನ್ನ ಒಂದು ರಾತ್ರಿ ನೀರು ತುಂಬಿಟ್ಟು ಪರೀಕ್ಷಿಸಬೇಕು.

ಎಂದೂ ಬೆಸೆಯಬಾರದವು

ಡೀಸೆಲ್, ಪೆಟ್ರೋಲ್ ತೊಟ್ಟಿಗಳನ್ನು ಖಾಲಿಯಾಗಿದ್ದರೂ ಮುಟ್ಟಬಾರದು. ಒಳಗೆ ಉಳಿದ ಆವಿ ಒಂದು ಕಿಡಿಗೆ ಸಿಡಿಯುತ್ತದೆ. ಕೀಟನಾಶಕದ ಡಬ್ಬಿ, ಡ್ರಮ್ಮುಗಳಿಗೂ ಇದೇ ನಿಯಮ. ಸತುವು ಲೇಪಿಸಿದ ಜಿ.ಐ. ತಗಡನ್ನು ಹೊಸಬರು ಬೆಸೆಯಬಾರದು. ಅದರ ಬಿಳಿ ಹೊಗೆ ಕುಡಿದವರಿಗೆ ಕೆಲವು ಗಂಟೆಗಳ ನಂತರ ಚಳಿ ಜ್ವರ ಬರುತ್ತದೆ. ಅಂತಹ ತಗಡಿಗೆ ರಿವೆಟ್ ಹೊಡೆಯುವುದು ಲೇಸು.

ಮುನ್ನೆಚ್ಚರಿಕೆ

ಬೆಸುಗೆಯ ಬೆಳಕನ್ನು ಬರಿಗಣ್ಣಿನಿಂದ ನೋಡಬಾರದು. ಸಾಮಾನ್ಯ ಕಪ್ಪು ಕನ್ನಡಕ ಸಾಲದು, 10ನೇ ಸಂಖ್ಯೆಯ ಗಾಜಿನ ಮುಖವಾಡ ಬೇಕು. ಮಕ್ಕಳನ್ನು ಹತ್ತಿರ ಬಿಡಬಾರದು. ಚರ್ಮದ ಕೈಚೀಲ, ಮುಚ್ಚಿದ ಪಾದರಕ್ಷೆ, ತುಂಬು ತೋಳಿನ ಹತ್ತಿ ಬಟ್ಟೆ ಅಗತ್ಯ. ಒದ್ದೆ ನೆಲದ ಮೇಲೆ ನಿಂತು ಬೆಸೆಯಬಾರದು. ಟ್ರ್ಯಾಕ್ಟರಿನ ಭಾಗವನ್ನು ಬೆಸೆಯುವಾಗ ಬ್ಯಾಟರಿಯ ತಂತಿ ಕಳಚಿ, ಭೂಸಂಪರ್ಕದ ಇಕ್ಕಳವನ್ನು ಬೆಸೆಯುವ ಜಾಗದ ಪಕ್ಕದಲ್ಲಿಯೇ ಕಚ್ಚಿಸಬೇಕು.

ಆಲೆಮನೆಯ ಅಂಗಳದ ಒಣ ರಚ್ಚು ಕಿಡಿಗೆ ಬೇಗ ಹೊತ್ತಿಕೊಳ್ಳುತ್ತದೆ. ಬೆಸುಗೆಯನ್ನು ರಚ್ಚಿನಿಂದಲೂ ಹುಲ್ಲಿನ ಮೆದೆಯಿಂದಲೂ ದೂರ, ಗುಡಿಸಿದ ನೆಲದಲ್ಲಿ ಮಾಡಬೇಕು. ಒಂದು ಬಕೆಟ್ ಮರಳು ಕೈಗೆಟುಕುವಂತಿರಲಿ. ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಅಲ್ಲಿಯೇ ಇದ್ದು ನೋಡಬೇಕು.

ಹೆಚ್ಚಿನ ತರಬೇತಿ ಬಯಸುವ ಯುವಕರಿಗೆ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಒಂದು ವರ್ಷದ ಬೆಸುಗೆ ಶಿಕ್ಷಣವಿದೆ. ಪ್ರತಿ ಗ್ರಾಮದಲ್ಲಿ ಒಬ್ಬಿಬ್ಬರಾದರೂ ಈ ಕೌಶಲ ಕಲಿತರೆ, ಗಾಣ ತಿರುಗುವ ದಿನಗಳಲ್ಲಿ ಒಂದು ಸಣ್ಣ ತೂತಿಗಾಗಿ ಕಡಿದ ಕಬ್ಬು ಒಣಗುವುದು ತಪ್ಪುತ್ತದೆ.