ಒಂದು ಸ್ಪೀಕರಿಗೆ ಎರಡು ವರ್ಧಕಗಳು: ‘ಬೈ-ಆಂಪಿಂಗ್’ ಕ್ರಮದ ವಿವೇಚನೆ

ಮನೆಯಲ್ಲಿ ಚಲನಚಿತ್ರಗಳನ್ನು ನೋಡುವುದಕ್ಕಾಗಿ ಬಳಸುವ ಹೋಂ ಥಿಯೇಟರ್ ರಿಸೀವರಿನಲ್ಲಿ ಹಲವು ಆಂಪ್ಲಿಫೈಯರುಗಳು, ಅಂದರೆ ವರ್ಧಕಗಳು, ಒಂದೇ ಪೆಟ್ಟಿಗೆಯೊಳಗೆ ಅಡಕವಾಗಿರುತ್ತವೆ. ಏಳು ವರ್ಧಕಗಳುಳ್ಳ ರಿಸೀವರನ್ನು ಕೊಂಡು ಕೋಣೆಯಲ್ಲಿ ಐದೇ ಸ್ಪೀಕರುಗಳನ್ನು ಇರಿಸಿದರೆ ಎರಡು ವರ್ಧಕಗಳು ಕೆಲಸವಿಲ್ಲದೆ ಉಳಿಯುತ್ತವೆ. ಅವನ್ನು ವ್ಯರ್ಥವಾಗಿ ಬಿಡುವುದೇಕೆ ಎಂಬ ಯೋಚನೆ ಸಹಜವಾದುದು. ಕೆಲವು ಸ್ಪೀಕರುಗಳ ಹಿಂಬದಿಯಲ್ಲಿ ತಂತಿ ಜೋಡಿಸಲು ಎರಡು ಜೊತೆ ತಿರುಪುಗಳಿರುತ್ತವೆ. ಒಂದು ಜೊತೆ ಮಂದ್ರ ಸ್ವರಗಳನ್ನು ಹೊರಡಿಸುವ ವೂಫರಿಗೆ, ಇನ್ನೊಂದು ತಾರ ಸ್ವರಗಳನ್ನು ಹೊರಡಿಸುವ ಟ್ವೀಟರಿಗೆ. ಎದುರಿನ ಎಡಬಲ ಸ್ಪೀಕರುಗಳಿಗೆ ಎರಡೆರಡು ವರ್ಧಕಗಳನ್ನು ಹೀಗೆ ಜೋಡಿಸುವ ಕ್ರಮಕ್ಕೆ ‘ಬೈ-ಆಂಪಿಂಗ್’ ಎಂದು ಹೆಸರು.

ಈ ಕ್ರಮದಿಂದ ನಿಜವಾದ ಲಾಭವುಂಟೆ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸುವೆವು. ಇದಕ್ಕಾಗಿಯೇ ಹೆಚ್ಚಿನ ಬೆಲೆಯ ರಿಸೀವರನ್ನೂ ತಂತಿಯನ್ನೂ ಕೊಳ್ಳುವವರು ಇರುವುದರಿಂದ ಪ್ರಶ್ನೆಯು ಹಣಕ್ಕೆ ಸಂಬಂಧಿಸಿದ್ದು. ಅದಲ್ಲದೆ, ವೋಲ್ಟೇಜು, ಪ್ರವಾಹ, ಶಕ್ತಿ ಇವುಗಳ ಭೇದವನ್ನು ವಿದ್ಯಾರ್ಥಿಗಳಿಗೆ ಮನಗಾಣಿಸಲು ಇದೊಂದು ಒಳ್ಳೆಯ ಉದಾಹರಣೆಯೂ ಆಗಿದೆ.

ಮೊದಲು ಸ್ಪೀಕರಿನ ಒಳರಚನೆಯನ್ನು ನೋಡೋಣ. ವರ್ಧಕದಿಂದ ಬರುವ ಸಂಕೇತದಲ್ಲಿ ಮಂದ್ರ, ಮಧ್ಯ, ತಾರ ಎಲ್ಲ ಆವೃತ್ತಿಗಳೂ ಬೆರೆತಿರುತ್ತವೆ. ಇವನ್ನು ಬೇರ್ಪಡಿಸಿ ತಕ್ಕ ಘಟಕಕ್ಕೆ ಕಳುಹಿಸುವುದು ಕ್ರಾಸ್‌ಓವರ್ ಎಂಬ ವಿಭಾಜಕ ಜಾಲದ ಕೆಲಸ. ತಂತಿಯ ಸುರುಳಿಗಳಿಂದಲೂ ಕೆಪಾಸಿಟರುಗಳಿಂದಲೂ ರಚಿತವಾದ ಈ ಜಾಲವು ಸ್ಪೀಕರಿನ ಪೆಟ್ಟಿಗೆಯಲ್ಲಿಯೇ, ಎಂದರೆ ವರ್ಧಕದ ಅನಂತರ, ಇರುತ್ತದೆ. ಇದನ್ನು ಹಾಗೆಯೇ ಉಳಿಸಿಕೊಂಡು ಎರಡು ವರ್ಧಕಗಳನ್ನು ಜೋಡಿಸಿದರೆ ಅದು ನಿಷ್ಕ್ರಿಯ ಬೈ-ಆಂಪಿಂಗ್. ಇದನ್ನು ತೆಗೆದುಹಾಕಿ, ಸಂಕೇತವು ವರ್ಧಕವನ್ನು ಸೇರುವ ಮೊದಲೇ ಬೇರೊಂದು ಉಪಕರಣದಿಂದ ವಿಭಜಿಸಿದರೆ ಅದು ಸಕ್ರಿಯ ಬೈ-ಆಂಪಿಂಗ್. ವಿಭಜನೆಯು ವರ್ಧಕಕ್ಕೆ ಮೊದಲೋ ಅನಂತರವೋ ಎಂಬುದೇ ಇಲ್ಲಿ ಮುಖ್ಯವಾದ ವಿಷಯ. ರಿಸೀವರುಗಳು ಸಾಮಾನ್ಯವಾಗಿ ಒದಗಿಸುವುದು ಮೊದಲನೆಯ ಬಗೆಯನ್ನು ಮಾತ್ರ. ಬೈ-ಆಂಪಿಂಗಿಗೆ ಕೀರ್ತಿ ಬಂದಿರುವುದು ಎರಡನೆಯ ಬಗೆಯಿಂದ. ಸೀಗ್‌ಫ್ರೀಡ್ ಲಿಂಕ್‌ವಿಟ್ಸ್ 1976ರಲ್ಲಿ ಪ್ರಕಟಿಸಿದ ಸಕ್ರಿಯ ವಿಭಾಜಕ ಜಾಲಗಳ ವಿವೇಚನೆಯೂ, 1983ರಲ್ಲಿ ಟಾಮ್ಲಿನ್ಸನ್ ಹೋಲ್ಮನ್ ಲ್ಯೂಕಾಸ್‌ಫಿಲ್ಮ್ ಸಂಸ್ಥೆಗಾಗಿ ರೂಪಿಸಿದ ಟಿಎಚ್‌ಎಕ್ಸ್ ಚಿತ್ರಮಂದಿರ ವ್ಯವಸ್ಥೆಯೂ ಈ ಎರಡನೆಯ ಬಗೆಗೆ ಸೇರಿದವು.

ಇವೆರಡರ ಅಂತರವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ವೂಫರಿಗೆ 20 ವೋಲ್ಟ್ ಶಿಖರವುಳ್ಳ ಮಂದ್ರ ಸ್ವರವೂ, ಟ್ವೀಟರಿಗೆ 20 ವೋಲ್ಟ್ ಶಿಖರವುಳ್ಳ ತಾರ ಸ್ವರವೂ ಬೇಕಾಗಿವೆಯೆಂದು ಇಟ್ಟುಕೊಳ್ಳೋಣ. ಎರಡರ ರೋಧವೂ 8 ಓಮ್ ಆಗಿರಲಿ. ಆಗ ಒಂದೊಂದಕ್ಕೂ ಸಲ್ಲುವ ಶಕ್ತಿ 25 ವ್ಯಾಟ್. ಒಟ್ಟು 50 ವ್ಯಾಟ್. ಆದರೆ ಎರಡು ಸ್ವರಗಳೂ ಒಂದೇ ವರ್ಧಕದಲ್ಲಿ ಬೆರೆತಾಗ ಅವುಗಳ ಶಿಖರಗಳು ಒಮ್ಮೊಮ್ಮೆ ಕೂಡಿಕೊಂಡು 40 ವೋಲ್ಟನ್ನು ಮುಟ್ಟುತ್ತವೆ. ಅಷ್ಟು ವೋಲ್ಟೇಜನ್ನು ಕೊಡಬಲ್ಲ ವರ್ಧಕವು 8 ಓಮಿಗೆ 100 ವ್ಯಾಟಿನದಾಗಿರಬೇಕು. ಇಲ್ಲವಾದರೆ ತರಂಗದ ತುದಿಗಳು ಕತ್ತರಿಸಿಹೋಗಿ ಧ್ವನಿ ಒಡೆಯುತ್ತದೆ. ಸಕ್ರಿಯ ಕ್ರಮದಲ್ಲಾದರೋ ಸ್ವರಗಳು ಮೊದಲೇ ಬೇರ್ಪಟ್ಟಿರುವುದರಿಂದ 25 ವ್ಯಾಟಿನ ಎರಡು ವರ್ಧಕಗಳೇ ಸಾಕು.

ನಿಷ್ಕ್ರಿಯ ಕ್ರಮದಲ್ಲಿ ಏನಾಗುತ್ತದೆ? ಎರಡು ವರ್ಧಕಗಳಿಗೂ ಪೂರ್ಣ ಸಂಕೇತವೇ ಹೋಗುತ್ತದೆ. ಟ್ವೀಟರಿನ ಕಡೆಯ ವರ್ಧಕವೂ ಮಂದ್ರ ಸ್ವರದ ವೋಲ್ಟೇಜನ್ನು ಹೊತ್ತೇ ನಿಲ್ಲಬೇಕು. ಅದರ ಪ್ರವಾಹವನ್ನು ಮಾತ್ರ ಮುಂದಿನ ಕೆಪಾಸಿಟರು ತಡೆಯುತ್ತದೆ. ಆದುದರಿಂದ ಎರಡರಲ್ಲಿಯೂ ಶಿಖರವು 40 ವೋಲ್ಟೇ. ಒಂದು ವರ್ಧಕವು ಯಾವ ಮಟ್ಟದಲ್ಲಿ ಸೋಲುತ್ತದೆಯೋ ಎರಡೂ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿ ಸೋಲುತ್ತವೆ. ವರ್ಧಕಗಳು ಎರಡಾದುದರಿಂದ ಶಕ್ತಿಯೂ ಎರಡು ಪಟ್ಟಾಯಿತೆಂಬ ಎಣಿಕೆ ಇಲ್ಲಿ ನಿಲ್ಲುವುದಿಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಸಾಮಾನ್ಯ ರಿಸೀವರಿನಲ್ಲಿ ಎಲ್ಲ ವರ್ಧಕಗಳಿಗೂ ವಿದ್ಯುತ್ತನ್ನು ಒದಗಿಸುವುದು ಒಂದೇ ಟ್ರಾನ್ಸ್‌ಫಾರ್ಮರು. ಬಾವಿ ಒಂದೇ ಇರುವಾಗ ಹಗ್ಗ ಎರಡಾದ ಮಾತ್ರಕ್ಕೆ ನೀರು ಹೆಚ್ಚುವುದಿಲ್ಲ. ರಿಸೀವರಿನ ವಿವರಪತ್ರದಲ್ಲಿ ಕಾಣುವ ವ್ಯಾಟುಗಳ ಸಂಖ್ಯೆಯು ಅನೇಕ ವೇಳೆ ಎರಡೇ ವರ್ಧಕಗಳನ್ನು ದುಡಿಸಿ ಅಳೆದದ್ದಾಗಿರುತ್ತದೆ. ಎಲ್ಲವೂ ಒಟ್ಟಿಗೆ ದುಡಿದಾಗ ಒಂದೊಂದರ ಪಾಲು ಇಳಿಯುತ್ತದೆ.

ಹಾಗೆಂದು ಲಾಭವು ಪೂರ್ಣವಾಗಿ ಸೊನ್ನೆಯೆಂದು ಹೇಳುವುದು ನ್ಯಾಯವಲ್ಲ. ಪ್ರವಾಹವು ಎರಡು ವರ್ಧಕಗಳಲ್ಲಿ ಹಂಚಿಹೋಗುವುದರಿಂದ ಒಂದೊಂದರ ಟ್ರಾನ್ಸಿಸ್ಟರುಗಳ ಹೊರೆಯೂ ಕಾವೂ ಸ್ವಲ್ಪ ಕಡಿಮೆಯಾಗುತ್ತವೆ. 4 ಓಮಿನಷ್ಟು ಕಡಿಮೆ ರೋಧವುಳ್ಳ ಸ್ಪೀಕರನ್ನು ಗಟ್ಟಿಯಾಗಿ ನುಡಿಸುವಾಗ ಇದರಿಂದ ಅಲ್ಪ ಸಹಾಯವಾಗಬಹುದು. ಆದರೆ ಸಂಗೀತದಲ್ಲಿಯೂ ಚಿತ್ರದ ಧ್ವನಿಯಲ್ಲಿಯೂ ಶಕ್ತಿಯ ಬಹುಭಾಗವು ಮಂದ್ರ ಮತ್ತು ಮಧ್ಯ ಸ್ವರಗಳಲ್ಲಿರುವುದರಿಂದ ವೂಫರಿನ ವರ್ಧಕದ ಹೊರೆ ಇಳಿಯುವುದು ಅತ್ಯಲ್ಪ. ಒಂದು ವೇಳೆ ಶಕ್ತಿಯು ನಿಜವಾಗಿ ಇಮ್ಮಡಿಯಾದರೂ ಧ್ವನಿಮಟ್ಟವು ಏರುವುದು ಕೇವಲ 3 ಡೆಸಿಬಲ್. ಕಿವಿಗೆ ಧ್ವನಿಯು ಇಮ್ಮಡಿಯಾದಂತೆ ತೋರಬೇಕಾದರೆ ಸುಮಾರು 10 ಡೆಸಿಬಲ್, ಎಂದರೆ ಹತ್ತು ಪಟ್ಟು ಶಕ್ತಿ, ಬೇಕಾಗುತ್ತದೆ. 3 ಡೆಸಿಬಲ್ ಹೆಚ್ಚು ಸಂವೇದನೆಯುಳ್ಳ ಸ್ಪೀಕರನ್ನು ಆರಿಸಿಕೊಂಡರೆ ಅದೇ ಫಲವು ಯಾವ ವರ್ಧಕವನ್ನೂ ಸೇರಿಸದೆ ದೊರೆಯುತ್ತದೆ.

ಇಲ್ಲಿ ಒಂದು ವಿನೋದವುಂಟು. ಬೈ-ಆಂಪಿಂಗಿನ ನಿಜವಾದ ಲಾಭವನ್ನು ಬಯಸುವವರ ಮನೆಯಲ್ಲಿ ಅದು ಅನೇಕ ವೇಳೆ ಆಗಲೇ ನೆಲಸಿರುತ್ತದೆ. ತನ್ನದೇ ವರ್ಧಕವುಳ್ಳ ಸಬ್‌ವೂಫರನ್ನು ಇಟ್ಟುಕೊಂಡು, ರಿಸೀವರಿನಲ್ಲಿ ಉಳಿದ ಸ್ಪೀಕರುಗಳನ್ನು ‘ಸಣ್ಣವು’ ಎಂದು ಗುರುತಿಸಿ, ವಿಭಜನೆಯ ಆವೃತ್ತಿಯನ್ನು 80 ಹರ್ಟ್ಸಿಗೆ ನಿಲ್ಲಿಸಿದರೆ ಅತಿಮಂದ್ರ ಸ್ವರಗಳು ವರ್ಧಕವನ್ನು ಮುಟ್ಟುವ ಮೊದಲೇ ಬೇರ್ಪಡುತ್ತವೆ. ಇದು ಸಕ್ರಿಯ ವಿಭಜನೆಯೇ. ರಿಸೀವರಿನ ವೋಲ್ಟೇಜು, ಪ್ರವಾಹ ಎರಡರ ಹೊರೆಯೂ ಇದರಿಂದ ಇಳಿಯುತ್ತದೆ.

ಬೈ-ಆಂಪಿಂಗಿನಿಂದ ಧ್ವನಿ ಸ್ವಚ್ಛವಾಯಿತೆಂದು ಹೇಳುವವರ ಮಾತನ್ನು ಅಲ್ಲಗಳೆಯುವುದಕ್ಕಿಂತ ಪರೀಕ್ಷಿಸುವುದು ಲೇಸು. ಎರಡು ಜೋಡಣೆಗಳಲ್ಲಿಯೂ ಸ್ಪೀಕರಿನ ತುದಿಯ ವೋಲ್ಟೇಜನ್ನು ಅಳೆದು ಶೇಕಡ 1ರೊಳಗೆ ಸರಿಹೊಂದಿಸಬೇಕು. ತುಸು ಗಟ್ಟಿಯಾದ ಧ್ವನಿಯನ್ನೇ ಕಿವಿಯು ಉತ್ತಮವೆಂದು ತಿಳಿಯುವ ಸಂಭವವುಂಟು. ಸಹಾಯಕನೊಬ್ಬನು ನಾಣ್ಯವನ್ನು ಚಿಮ್ಮಿ, ಕೇಳುವವನಿಗೆ ಕಾಣದಂತೆ ಜೋಡಣೆಯನ್ನು ನಿರ್ಧರಿಸಲಿ. 10 ಸಲದಲ್ಲಿ 9 ಅಥವಾ 10 ಸಲ ಸರಿಯಾಗಿ ಗುರುತಿಸಿದರೆ ಆ ಮಾತಿಗೆ ಬೆಲೆಯುಂಟು. ಕೇವಲ ಊಹೆಯಿಂದ ಹಾಗಾಗುವ ಸಂಭವನೀಯತೆ 1,024ರಲ್ಲಿ 11 ಮಾತ್ರ.

ಈ ಪ್ರಯೋಗವನ್ನು ಮಾಡುವವರು ಒಂದು ಎಚ್ಚರಿಕೆಯನ್ನು ಮರೆಯಲಾಗದು. ಸ್ಪೀಕರಿನ ಎರಡು ಜೊತೆ ತಿರುಪುಗಳನ್ನು ಕೂಡಿಸುವ ಲೋಹದ ಪಟ್ಟಿಗಳನ್ನು ಮೊದಲು ತೆಗೆದುಬಿಡಬೇಕು. ತೆಗೆಯದಿದ್ದರೆ ಒಂದು ವರ್ಧಕದ ಹೊರತುದಿ ಇನ್ನೊಂದರ ಹೊರತುದಿಗೆ ನೇರವಾಗಿ ಕೂಡಿ ರಿಸೀವರು ಸುಟ್ಟುಹೋಗುವ ಅಪಾಯವಿದೆ. ತಂತಿಗಳನ್ನು ಬದಲಿಸುವಾಗಲೆಲ್ಲ ರಿಸೀವರನ್ನು ಆರಿಸಿರಬೇಕು.

ಮೇಲಿನ ವಿವೇಚನೆಯಿಂದ ತಿಳಿಯುವುದಿಷ್ಟು. ರಿಸೀವರಿನಲ್ಲಿ ಮಿಕ್ಕ ವರ್ಧಕಗಳಿದ್ದು ಮನೆಯಲ್ಲಿ ತಂತಿಯೂ ಇದ್ದರೆ ಈ ಜೋಡಣೆಯನ್ನು ಮಾಡಿ ನೋಡುವುದರಲ್ಲಿ ನಷ್ಟವಿಲ್ಲ. ಇದಕ್ಕೋಸ್ಕರ ಹಣವನ್ನು ವೆಚ್ಚ ಮಾಡುವುದು ಯುಕ್ತವಲ್ಲ. ಆ ಹಣವು ಒಳ್ಳೆಯ ಸ್ಪೀಕರಿಗೆ, ಸಬ್‌ವೂಫರಿಗೆ, ಇಲ್ಲವೆ ಕೋಣೆಯ ಪ್ರತಿಧ್ವನಿಯನ್ನು ತಗ್ಗಿಸುವ ದಪ್ಪ ಪರದೆ ಜಮಖಾನಗಳಿಗೆ ಸಂದರೆ ಫಲವು ಕಿವಿಗೆ ಸ್ಪಷ್ಟವಾಗಿ ತಿಳಿಯುತ್ತದೆ.