ಉಸಿರು ಮತ್ತು ರಕ್ತದ ಸಮತೋಲ

ಉಸಿರಾಡುವುದು ಆಮ್ಲಜನಕಕ್ಕಾಗಿ ಎಂದು ಶಾಲೆಯ ಹುಡುಗರು ಥಟ್ಟನೆ ಹೇಳಿಬಿಡುತ್ತಾರೆ. ಮಾತು ಸರಿ, ಆದರೆ ಅರ್ಧ ಮಾತ್ರ. ಹೊರಹೋಗುವ ಉಸಿರಿಗೂ ಅಷ್ಟೇ ಹೊಣೆಯುಂಟು. (ಹಳೆಯ ಕನ್ನಡದಲ್ಲಿ ‘ಉಸಿರು’ ಎಂದರೆ ‘ಹೇಳು’ ಎಂಬ ಅರ್ಥವೂ ಇದೆ, ಮಾತು ಹೊರಡುವುದು ಹೊರಹೋಗುವ ಉಸಿರಿನಲ್ಲಿಯೇ ಅಲ್ಲವೆ?)

ಉಂಡ ಅನ್ನದಿಂದ ದೇಹವು ಶಕ್ತಿ ಪಡೆಯುವಾಗ ಇಂಗಾಲಾಮ್ಲ ವಾಯು ಹುಟ್ಟುತ್ತದೆ. ಅದು ರಕ್ತದಲ್ಲಿ ಕರಗಿದಷ್ಟೂ ಹುಳಿ, ಎಂದರೆ ಆಮ್ಲದ ಗುಣ, ಹೆಚ್ಚುತ್ತದೆ. ನಮ್ಮ ರಕ್ತವಾದರೋ ತುಸುವೇ ಕ್ಷಾರ: ಪಿಎಚ್ ಅಳತೆಯಲ್ಲಿ 7.35ರಿಂದ 7.45. ಈ ಇಕ್ಕಟ್ಟಾದ ಎಲ್ಲೆಯನ್ನು ಕಾಯುವ ಕಾವಲುಗಾರ ಮಿದುಳಿನ ಬುಡದಲ್ಲಿದ್ದಾನೆ. ಆಮ್ಲ ಹೆಚ್ಚಿದರೆ ಉಸಿರನ್ನು ಆಳವಾಗಿಸುತ್ತಾನೆ, ತಗ್ಗಿದರೆ ನಿಧಾನಿಸುತ್ತಾನೆ. ಮೂತ್ರಪಿಂಡಗಳೂ ಈ ಕೆಲಸಕ್ಕೆ ನೆರವಾಗುತ್ತವೆ. ಆದರೆ ಅವಕ್ಕೆ ದಿನಗಳು ಬೇಕು, ಉಸಿರಿಗೆ ನಿಮಿಷಗಳು ಸಾಕು. ಸಾಮಾನ್ಯವಾಗಿ ಉಸಿರಿನ ಲಗಾಮು ಆಮ್ಲಜನಕದ ಕೈಯಲ್ಲಿಲ್ಲ, ಇಂಗಾಲಾಮ್ಲದ ಕೈಯಲ್ಲಿದೆ ಎಂದು 1905ರಲ್ಲಿ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ ತೋರಿಸಿಕೊಟ್ಟರು.

ಬೇಸಿಗೆಯಲ್ಲಿ ಕೆರೆ ಬಾವಿಗಳಲ್ಲಿ ಈಜುವ ಹುಡುಗರು ಇದನ್ನು ಅವಶ್ಯವಾಗಿ ತಿಳಿಯಬೇಕು. ಮುಳುಗುವ ಮುನ್ನ ಹತ್ತಾರು ಸಲ ಬಿರುಸಾಗಿ ಉಸಿರಾಡಿದರೆ ಹೆಚ್ಚು ಹೊತ್ತು ನೀರೊಳಗಿರಬಹುದೆಂದು ಅವರ ಎಣಿಕೆ. ರಕ್ತದಲ್ಲಿ ಆಮ್ಲಜನಕ ಮೊದಲೇ ಬಹುಮಟ್ಟಿಗೆ ತುಂಬಿರುತ್ತದೆ. ಹೀಗೆ ಉಸಿರಾಡಿದರೆ ಅದು ಹೆಚ್ಚುವುದು ಅತ್ಯಲ್ಪ. ಬರಿದಾಗುವುದು ಇಂಗಾಲಾಮ್ಲ. ಕಾವಲುಗಾರ ಎಚ್ಚರಿಸುವ ಮೊದಲೇ ಆಮ್ಲಜನಕ ಸಾಲದಾಗಿ, ಹುಡುಗ ಸದ್ದಿಲ್ಲದೆ ನೀರಿನಡಿಯಲ್ಲಿ ಮೂರ್ಛೆಹೋಗಬಹುದು. ದಡದಲ್ಲಿದ್ದವರಿಗೆ ಅವನು ಇನ್ನೂ ಆಡುತ್ತಿರುವಂತೆಯೇ ಕಾಣುತ್ತದೆ. ನುರಿತ ಈಜುಗಾರರೂ ಹೀಗೆ ಪ್ರಾಣ ಕಳೆದುಕೊಂಡಿದ್ದಾರೆ. ಮುಳುಗುವ ಮುನ್ನ ಸಹಜವಾದ ಒಂದೆರಡು ಉಸಿರು ಸಾಕು. ದಡದಲ್ಲಿ ಈಜು ಬಲ್ಲ ದೊಡ್ಡವರೊಬ್ಬರು ಇರಬೇಕು.