ಕೆರೆ ನೀರು ಹಸಿರಾಗಿದ್ರೆ ಮೀನಿಗೆ ಊಟ ಇದೆ ಅಂತಾನಾ?

ಇವತ್ತು ನಮ್ಮ ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕು, ನಾಲ್ಕು ಥರದ ನೀರಿನ ಕಥೆ.

ಮೊದಲು ಚನ್ನಗಿರಿ. ಸೂಳೆಕೆರೆ, ಅಂದ್ರೆ ಶಾಂತಿಸಾಗರದ ನೀರನ್ನ ಒಂದು ಗ್ಲಾಸಲ್ಲಿ ತುಂಬಿ ಬಿಸಿಲಿಗೆ ಹಿಡೀರಿ. ಸಣ್ಣ ಚುಕ್ಕಿಗಳು ಕುಪ್ಪಳಿಸ್ತಾ ಇದ್ರೆ, ಅವೇ ಪ್ರಾಣಿ ಪ್ಲವಕಗಳು. ಡ್ಯಾಫ್ನಿಯಾ, ಸೈಕ್ಲಾಪ್ಸ್ ಈ ಗುಂಪಿನವು. ಕಣ್ಣಿಗೆ ಕಾಣದಷ್ಟು ಸಣ್ಣ ರೋಟಿಫರ್‌ಗಳೂ ಇದೇ ಗುಂಪು. ಇವುಗಳಲ್ಲಿ ಹೆಚ್ಚಿನವು ಪಾಚಿ ತಿಂದು ಬದುಕುತ್ತವೆ. ಇವನ್ನು ಕಾಟ್ಲಾ ಮೀನು ತಿನ್ನುತ್ತೆ. ರೋಹು, ಮೃಗಾಲ್ ಮರಿಗಳಿಗೂ ಮೊದಲ ಊಟ ಇದೇ.

ನಾನು ಓದಿದ್ದು ಬಿಕಾಂ. ಹಾಗಾಗಿ ನನಗೆ ಇದು ಅರ್ಥ ಆಗಿದ್ದು ಅಂಗಡಿ ಲೆಕ್ಕದಲ್ಲಿ. ಬಾಡಿಗೆ, ಕರೆಂಟ್ ಬಿಲ್ ಕಟ್ಟುವಷ್ಟಾದರೂ ವ್ಯಾಪಾರ ಆಗಬೇಕಲ್ವಾ? ಡ್ಯಾಫ್ನಿಯಾಗೂ ಉಸಿರಾಡೋಕೆ, ಈಜೋಕೆ ಇಷ್ಟು ಅಂತ ಆಹಾರ ಬೇಕೇ ಬೇಕು. ಅದಕ್ಕಿಂತ ಕಡಿಮೆ ಸಿಕ್ಕರೆ ಮೈಯಲ್ಲಿದ್ದ ಕೊಬ್ಬು ಕರಗುತ್ತೆ, ಕೆಲವೇ ದಿನಗಳಲ್ಲಿ ಸಾಯುತ್ತೆ. ಜಾಸ್ತಿ ಸಿಕ್ಕರೆ ಬೆಳೆಯುತ್ತೆ, ಮೊಟ್ಟೆ ಇಡುತ್ತೆ. ಬೆಚ್ಚಗಿನ ನೀರು, ಒಳ್ಳೆ ಊಟ ಇದ್ರೆ ಹುಟ್ಟಿದ ಸುಮಾರು ಒಂದು ವಾರಕ್ಕೇ ತಾಯಿ ಆಗುತ್ತೆ, ಅದೂ ಗಂಡಿನ ಸಹಾಯ ಇಲ್ಲದೆ!

ಊಟ ಕಡಿಮೆ ಆದಾಗ ತಾಯಿ ಕೆಲವೇ ಮೊಟ್ಟೆ ಇಡುತ್ತೆ, ಆದ್ರೆ ದೊಡ್ಡದಾಗಿ. ಮರಿಗೆ ಹುಟ್ಟುವಾಗಲೇ ಸ್ವಲ್ಪ ಬುತ್ತಿ ಕಟ್ಟಿ ಕಳಿಸಿದ ಹಾಗೆ.

ಈಗ ನ್ಯಾಮತಿ ಕಡೆ ಬನ್ನಿ. ಮಳೆ ಬಂದ್ರೆ ಹೊಲಕ್ಕೆ ಹಾಕಿದ ಗೊಬ್ಬರದಲ್ಲಿ ಒಂದಷ್ಟು ಕೊಚ್ಚಿಕೊಂಡು ಕೆರೆ ಸೇರುತ್ತೆ. ನೀರು ಹಸಿರಾಗುತ್ತೆ. ಆದ್ರೆ ಎಲ್ಲ ಹಸಿರೂ ಊಟ ಅಲ್ಲ. ನೀಲಿ-ಹಸಿರು ಪಾಚಿ ಎಳೆ ಎಳೆಯಾಗಿ, ಮುದ್ದೆಯಾಗಿ ಬೆಳೆದರೆ ಡ್ಯಾಫ್ನಿಯಾಗೆ ನುಂಗೋಕೆ ಕಷ್ಟ. ನುಂಗಿದ್ರೂ ಬೇಕಾದ ಪೋಷಕಾಂಶ ಸಿಗಲ್ಲ, ಕೆಲವದರಲ್ಲಿ ವಿಷವೂ ಇರುತ್ತೆ. ತಟ್ಟೆ ತುಂಬ ಇದ್ರೂ ಉಪವಾಸ!

ಹೊನ್ನಾಳಿಯಲ್ಲಿ ಸಮಸ್ಯೆ ಬೇರೆ. ಅಲ್ಲಿ ತುಂಗಭದ್ರೆ ಹರಿಯುತ್ತಾಳೆ. ಹೊಳೆ ತುಂಬಿ ಹರಿಯುವಾಗ ಪಾಚಿಯೂ ನಿಲ್ಲಲ್ಲ, ಅದನ್ನು ತಿನ್ನೋ ಜೀವಿಗಳೂ ನಿಲ್ಲಲ್ಲ.

ಅದೇ ತುಂಗಭದ್ರೆಯ ನೀರು 57 ಕೆರೆ ತುಂಬಿಸುವ ಯೋಜನೆಯಲ್ಲಿ ಬರಪೀಡಿತ ಜಗಳೂರಿಗೆ ಹೋಗುತ್ತೆ. ಒಣಗಿದ ಕೆರೆಗೆ ಪ್ಲವಕ ಎಲ್ಲಿಂದ ಬರುತ್ತೆ? ಸ್ವಲ್ಪ ಹೊಸ ನೀರಿನ ಜೊತೆ, ಸ್ವಲ್ಪ ಕೆರೆಯ ಮಣ್ಣಿಂದಲೇ. ಕಷ್ಟಕಾಲ ಬಂದಾಗ ಡ್ಯಾಫ್ನಿಯಾ ಗಟ್ಟಿ ಕವಚದ ಮೊಟ್ಟೆ ಇಟ್ಟಿರುತ್ತೆ. ಅವು ವರ್ಷಗಟ್ಟಲೆ ಕೆಸರಲ್ಲಿ ಮಲಗಿದ್ದು, ನೀರು ಬಂದಾಗ ಒಡೆಯುತ್ತವೆ.

ಆದ್ರೆ ಅದಕ್ಕೆ ಟೈಮ್ ಬೇಕು. ಮೊದಲು ಪಾಚಿ, ಆಮೇಲೆ ಪ್ಲವಕ, ಕೊನೆಗೆ ಮೀನು. ಕೆರೆ ಗುತ್ತಿಗೆ ಹಿಡಿದವರು ನೀರು ಬಂದ ಮಾರನೇ ದಿನವೇ ಮರಿ ಬಿಟ್ಟರೆ, ಹಾಕಿದ ದುಡ್ಡು ಹಸಿವಿಗೆ ಹೋಗುತ್ತೆ. ಮೀನು ಹೊಂಡಕ್ಕೆ ಸಗಣಿ ಗೊಬ್ಬರ ಹಾಕಿ ಒಂದೆರಡು ವಾರ ಕಾಯೋದು ಇದಕ್ಕೇ.

ನಿಮ್ಮ ಮನೇಲಿ ಯಾರಾದ್ರೂ ಮೀನು ಸಾಕ್ತಿದ್ರೆ ಈ ಎಪಿಸೋಡ್ ಕೇಳಿಸಿ. ಮರಿ ಬಿಡೋ ಮುಂಚೆ ನೀರಿನ ಬಣ್ಣ ಮಾತ್ರ ಅಲ್ಲ, ಗ್ಲಾಸಲ್ಲಿ ಕುಪ್ಪಳಿಸೋ ಚುಕ್ಕಿಗಳನ್ನೂ ನೋಡಿ ಅಂತ ಹೇಳಿ. ಮತ್ತೆ ಸಿಗೋಣ.